ಮೌನಿ ಮೇಷ್ಟ್ರು ಮಾತಾಡಿದ ಹನ್ನೊಂದು ವಾರ

ಅನ್ನದಲ್ಲಿ, ನೀರಿನಲ್ಲಿ, ರಕ್ತದಲ್ಲಿ ಅಡಗಿ ಕುಳಿತ ವಿಷವನ್ನು ಹುಡುಕಿ ಹೆಸರು ಹಿಡಿದು ಹೇಳುವ ವಿದ್ಯೆಯಲ್ಲಿ ನಮ್ಮ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಕ್ಕೆ ಇಂದು ನಾಲ್ಕು ಜನರ ನಡುವೆ ಒಂದು ಮಾನವಿದ್ದರೆ, ಅದರ ಬಹುಪಾಲು ಸಲ್ಲಬೇಕಾದದ್ದು ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ವಿಷಾಂಶ ವಿಭಾಗದ ಮುಖ್ಯಸ್ಥರಿಗೆ. ವಿದ್ವತ್ತಿನಲ್ಲಿ ಅವರಿಗೆ ಸರಿಸಮನಾದವರು ಬೇರೆಡೆ ಇದ್ದಾರು. ಮಾತಿನ ಜಿಪುಣತನದಲ್ಲಿ ಇರಲಾರರು. ಹೊಸಬರಿಗೆ ಕೆಲಸ ಕಲಿಸುವ ಹೊಣೆ ಮೊದಲಿನಿಂದಲೂ ಅವರದೇ ಆಗಿದ್ದರಿಂದ ‘ಮೇಷ್ಟ್ರು’. ಕಲಿಸುವಾಗಲೂ ತುಟಿ ಬಿಚ್ಚದೆ ಕೈಯಲ್ಲೇ ಮಾಡಿ ತೋರಿಸುತ್ತಿದ್ದುದರಿಂದ ‘ಮೌನಿ ಮೇಷ್ಟ್ರು’. ಈ ಹೆಸರು ಅವರ ಕಿವಿಗೂ ಬಿದ್ದಿತ್ತು. ಅವರು ಆಕ್ಷೇಪಿಸಲಿಲ್ಲ, ಆಕ್ಷೇಪಿಸಬೇಕಾದರೂ ಮಾತಾಡಬೇಕಲ್ಲ.

ಗಡಿಯಾರ ರಿಪೇರಿ ಮಾಡುತ್ತಿದ್ದವರ ಮಗನಾದ ಅವರಿಗೆ ಕೈಯ ನಿಧಾನವೂ ಕಣ್ಣಿನ ಹರಿತವೂ ಪಿತ್ರಾರ್ಜಿತ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಕಿರಿಯ ಪರೀಕ್ಷಕರಾಗಿ ಸೇರಿದಾಗ ವಿಷಾಂಶ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಫ್ರಿಜ್, ಗೋಡೆಗೊರಗಿದ ಬಿಳಿ ಇಲಿಗಳ ಪಂಜರ, ಇಷ್ಟೇ ಆಸ್ತಿ. ಫ್ರಿಜ್ಜಿನ ಬಾಗಿಲಿಗೆ ಅವರು ಹಗ್ಗ ಕಟ್ಟಿದರು. ಇಲಿಗಳಿಗೆ ಬೆಳಿಗ್ಗೆ ಬಂದೊಡನೆ ತಾವೇ ನೀರಿಟ್ಟರು. ಗಾಜಿನ ಸಾಮಾನು ತೊಳೆಯುವ ಹೆಂಗಸೊಬ್ಬರ ಕೈ ಬಿಸಿ ಹಬೆಗೆ ಸುಟ್ಟಾಗ, ಅದು ಮಾಯುವ ತನಕ ಮೂರು ವಾರ ಆ ಗಾಜಿನ ರಾಶಿಯನ್ನೆಲ್ಲ ತೊಳೆದವರು ಮೇಷ್ಟ್ರೇ. ಇದೆಲ್ಲ ನಿಮ್ಮ ಕೆಲಸವೇ ಎಂದು ಯಾರೋ ಕೇಳಿದ್ದಕ್ಕೆ, ಸರಿಯಾಗಿ ತೊಳೆಯದ ಗಾಜು ಸುಳ್ಳು ಹೇಳುತ್ತದೆ ಎಂಬ ಒಂದೇ ವಾಕ್ಯದ ಉತ್ತರ ಬಂತು. ಆ ವರ್ಷ ಅವರಾಡಿದ ಅತಿ ಉದ್ದದ ಮಾತು ಅದೇ ಎಂದು ಹಿರಿಯರು ಹೇಳಿ ನಗುತ್ತಿದ್ದರು.

ಇಂಥವರ ಬದುಕನ್ನು ಎರಡು ಭಾಗ ಮಾಡಿದ ಒಂದು ಬುಧವಾರವಿದೆ. ಅದನ್ನು ಬಲ್ಲವರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ.

ಅವರ ಸೇವೆಯ ಹದಿನೇಳನೆಯ ವರ್ಷ. ದೊಡ್ಡಾಸ್ಪತ್ರೆಯಿಂದ ಬೆಳಿಗ್ಗೆ ಒಂದು ರಕ್ತದ ಮಾದರಿ ಬಂತು. ನಲವತ್ತು ವರ್ಷದ ದರ್ಜಿಯೊಬ್ಬನದು. ಮೊದಲು ಅವನಿಗೆ ಒಂದು ಸೂಜಿ ಎರಡಾಗಿ ಕಂಡಿತ್ತು, ಬಾಯಿ ಒಣಗಿ ನಾಲಿಗೆ ತೊದಲಿತ್ತು, ರೆಪ್ಪೆಗಳು ಜೋತುಬಿದ್ದವು. ಆಮೇಲೆ ಕತ್ತು ಹೋಯಿತು, ಕೈ ಹೋಯಿತು, ಎದೆಯೂ ಸೋತು ಈಗ ಉಸಿರಾಟದ ಯಂತ್ರದ ಮೇಲಿದ್ದಾನೆ. ಲಕ್ವವೋ ವಿಷವೋ ತಿಳಿಯದು ಎಂದು ವೈದ್ಯರು ಬರೆದಿದ್ದರು. ಅದೇ ಚೀಟಿಯ ಅಂಚಿನಲ್ಲಿ, ನೆನಪಾಗಿ ಸೇರಿಸಿದಂತೆ ಇನ್ನೆರಡು ಸಾಲು: ಜ್ವರ ಇಲ್ಲ. ಅವನ ಅತ್ತೆಗೂ ರೆಪ್ಪೆ ಭಾರವಾಗಿದೆ.

ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ರಕ್ತದ ತಿಳಿಯನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿದರು. ಅರ್ಧದಷ್ಟು ಇಲಿಗಳಿಗೆ, ತಾವು ಶಂಕಿಸಿದ ವಿಷಕ್ಕೆ ಪ್ರತಿವಿಷದ ರಕ್ಷಣೆಯನ್ನೂ ಕೊಟ್ಟರು. ಆ ಇಲಿಗಳು ಮಾತ್ರ ಉಳಿದು ಮಿಕ್ಕವು ಸೋತರೆ ವಿಷ ಯಾವುದೆಂದು ನಿಶ್ಚಯ. ಅದಕ್ಕೆ ಒಂದು ದಿನವಾದರೂ ಬೇಕು. ಆದರೆ ಅವರು ಆ ಒಂದು ದಿನ ಕೈಕಟ್ಟಿ ಕೂರಲಿಲ್ಲ. ಬಿಳಿ ಕೋಟನ್ನು ಮೊಳೆಗೆ ತಗುಲಿಸಿ, ಕೆಲಸದ ಹೊತ್ತಿನಲ್ಲಿ ಹೊರಗೆ ಹೋದವರೇ ಅಲ್ಲದ ಮನುಷ್ಯ, ಆಸ್ಪತ್ರೆಯ ಕಡೆಗೆ ಬಿರಬಿರನೆ ನಡೆದುಬಿಟ್ಟರು.

ಅಲ್ಲಿ ವಾರ್ಡಿನ ಬಾಗಿಲಲ್ಲಿ ದರ್ಜಿಯ ಅಣ್ಣ ನಿಂತಿದ್ದ. ಮೂರು ದಿನದಿಂದ ರೋಗಿ ಒಂದು ಹುಬ್ಬನ್ನೂ ಅಲುಗಿಸಿಲ್ಲ, ಟಾರ್ಚು ಬಿಟ್ಟರೆ ಕಣ್ಣಿನ ಪಾಪೆಯೂ ಕುಗ್ಗುತ್ತಿಲ್ಲ, ಮಿದುಳು ಹೋದಂತೆಯೇ ಎಂದು ವೈದ್ಯರು ಹೇಳಿಯಾಗಿತ್ತು. ಯಂತ್ರ ಬಿಡಿಸಿ ಮನೆಗೆ ಕರೆದೊಯ್ಯುವುದೆಂದು ಮನೆಯವರು ತೀರ್ಮಾನಿಸಿದ್ದರು. ಆ ಮಾತುಕತೆಯೆಲ್ಲ ನಡೆದದ್ದು ಅದೇ ಮಂಚದ ಪಕ್ಕದಲ್ಲಿ. ದರ್ಜಿಯ ಹೆಂಡತಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಮೇಷ್ಟ್ರು ತಾವು ಯಾರೆಂದು ಹೇಳಿ, ಒಂದೈದು ನಿಮಿಷ ಕೊಡಿ ಎಂದು ಹಿರಿಯ ವೈದ್ಯರನ್ನು ಬೇಡಿಕೊಂಡರು. ತಾವು ಶಂಕಿಸುತ್ತಿರುವ ವಿಷ ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆಯೇ ಹೊರತು ಬುದ್ಧಿಯನ್ನು ಮುಟ್ಟುವುದಿಲ್ಲ. ಪಾಪೆಯನ್ನೂ ಅದೇ ಕಟ್ಟಿಹಾಕುತ್ತದೆ. ತಲೆಯಿಂದ ಕೆಳಕ್ಕೆ ಇಳಿಯುತ್ತದೆ, ಆದ್ದರಿಂದ ಎಲ್ಲಾದರೂ ಒಂದು ಚೂರು ಚಲನೆ ಉಳಿದಿದ್ದರೆ ಅದು ಪಾದದಲ್ಲಿರಬೇಕು ಎಂದು ಅವರು ವಿವರಿಸಿದರು. ಒಂದೇ ಉಸಿರಿಗೆ ಅಷ್ಟು ಮಾತು ಅವರ ಬಾಯಿಂದ ಹೊರಟದ್ದು ಅದೇ ಮೊದಲು. ನಂತರ ಹೊದಿಕೆಯ ಕೊನೆಯನ್ನು ಮಡಿಸಿ, ರೋಗಿಯ ಕಿವಿಯ ಬಳಿ ಬಾಗಿದರು.

“ನಿಮಗೆ ಕೇಳಿಸ್ತಿದೆ ಅಂತ ನನಗೆ ಗೊತ್ತು. ಇಷ್ಟು ದಿನ ಇಲ್ಲಿ ಆಡಿದ್ದೆಲ್ಲಾ ಕೇಳಿಸಿಕೊಂಡಿದೀರ ಅಂತಾನೂ ಗೊತ್ತು. ನಿಮಗೆ ಮಕ್ಕಳೆಷ್ಟು? ಅಷ್ಟು ಸಲ ಕಾಲಿನ ಹೆಬ್ಬೆರಳು ಅಲ್ಲಾಡಿಸಿ. ನಿಧಾನವಾಗಿ ಮಾಡಿ, ನಾವು ಕಾಯ್ತೀವಿ.”

ಎಲ್ಲರೂ ಆ ಪಾದವನ್ನೇ ನೋಡುತ್ತ ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಅಣ್ಣ ಮುಖ ತಿರುಗಿಸಬೇಕು ಎನ್ನುವಷ್ಟರಲ್ಲಿ ಬಲಗಾಲಿನ ಹೆಬ್ಬೆರಳು ಸಾಸಿವೆ ಕಾಳಿನಷ್ಟು ಮಿಸುಕಿತು. ನಿಂತಿತು. ಮತ್ತೆ ಮಿಸುಕಿತು. ಹಿರಿಯ ವೈದ್ಯರು ಕನ್ನಡಕ ತೆಗೆದು ಮಂಡಿಯೂರಿ ಕೂತರು. ಮೂರನೆಯ ಸಲ ಮಿಸುಕಿದ್ದನ್ನು ಅವರೇ ಬೆರಳಿಟ್ಟು ಮುಟ್ಟಿ ನೋಡಿದರು.

“ಮೂರೇ,” ಎಂದಳು ಹೆಂಡತಿ, ಗೋಡೆಯ ಕಡೆಯಿಂದ ತಿರುಗಿ. “ನಮಗೆ ಮೂರೇ ಮಕ್ಕಳು.”

ಇಲಿಗಳ ಉತ್ತರ ಬರುವ ಮುಂಚೆಯೇ, ಮೇಷ್ಟ್ರ ಮಾತೊಂದನ್ನೇ ನಂಬಿ ಆ ವೈದ್ಯರು ಕೇಂದ್ರ ಉಗ್ರಾಣದಿಂದ ಪ್ರತಿವಿಷ ತರಿಸಿದರು. ಅಂದೇ ಮಧ್ಯಾಹ್ನ ಅದನ್ನು ದರ್ಜಿಗೂ ಅವನ ಅತ್ತೆಗೂ ಕೊಟ್ಟದ್ದಾಯಿತು. ಮರುದಿನ ಪಂಜರದಲ್ಲಿ ರಕ್ಷಣೆ ಪಡೆದ ಇಲಿಗಳು ಕಾಳು ಮೆಲ್ಲುತ್ತಿದ್ದವು. ಪಡೆಯದವು ಹೊಟ್ಟೆ ಒಳಸೆಳೆದುಕೊಂಡು ಉಸಿರಿಗೆ ಒದ್ದಾಡಿ ಸತ್ತಿದ್ದವು. ಮೇಷ್ಟ್ರು ಹೇಳಿದ್ದು ಎಳ್ಳಷ್ಟೂ ತಪ್ಪಿರಲಿಲ್ಲ. ಅದು ಬಾಟುಲಿನಂ, ಮುಚ್ಚಿಟ್ಟ ತಿನಿಸಿನಲ್ಲಿ ಹುಟ್ಟುವ ವಿಷ. ಒಂದು ಊರಿಗೆ ಊರನ್ನೇ ಮಲಗಿಸಲು ಒಂದು ಚಿಟಿಕೆಯೂ ಬೇಡದಂಥ ವಿಷ.

ಎಲ್ಲಿಂದ ಬಂತೆಂದು ತಿಳಿಯದೆ ಅವರು ಬಿಡುವಂತಿರಲಿಲ್ಲ; ಅದೇ ತಿಂಡಿ ಇನ್ನಾರ ಮನೆಯಲ್ಲಿದೆಯೋ. ದರ್ಜಿಯ ಮನೆಗೆ ಹೋಗಿ ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆಯೆಂದು ಒಂದೊಂದಾಗಿ ಕೇಳಿ ತಿಳಿದರು. ಒಲೆಯ ಮೇಲಿನ ಹಲಗೆಯಲ್ಲಿ ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಬಿರಡೆ ಬಿಗಿದ ಒಂದು ಬಾಟಲಿಯಿತ್ತು. ಹೆಂಡತಿಯೇ ಒಂದೂವರೆ ತಿಂಗಳ ಹಿಂದೆ ಮಾಡಿಟ್ಟದ್ದು. ಕಾಯಿಲೆ ಶುರುವಾಗುವ ಹಿಂದಿನ ರಾತ್ರಿ ಗಂಡನಿಗೂ ತನ್ನ ತಾಯಿಗೂ ಅದನ್ನು ಬಡಿಸಿ, ಹಲ್ಲುನೋವೆಂದು ತಾನು ಬರೀ ಹಾಲು ಕುಡಿದು ಮಲಗಿದ್ದಳು. ತಾಯಿ ಎಣ್ಣೆ ಜಾಸ್ತಿಯೆಂದು ಒಂದೆರಡು ಎಸಳಿಗೇ ಕೈ ತೊಳೆದಿದ್ದಳು. ಘಾಟೆಂದು ಮಕ್ಕಳು ಮುಟ್ಟಿರಲಿಲ್ಲ. ಎರಡು ದಿನ ಕಳೆದು ಆ ಬಾಟಲಿಯ ಪರೀಕ್ಷೆ ಮುಗಿದಾಗ ದರ್ಜಿಯ ಹೆಂಡತಿ ಪ್ರಯೋಗಾಲಯದ ಮೆಟ್ಟಿಲ ಬಳಿ ಬಂದು ಕಾದು ನಿಂತಿದ್ದಳು.

“ನನ್ನ ಬಾಟಲೀನೇನಾ, ಸಾರ್?”

ಅಲ್ಲ ಎಂದುಬಿಡುವುದು ಸುಲಭವಿತ್ತು. ಸುಮ್ಮನಿದ್ದುಬಿಡುವುದು ಅವರ ಮಟ್ಟಿಗೆ ಇನ್ನೂ ಸುಲಭವಿತ್ತು. ಅವರು ಎರಡನ್ನೂ ಮಾಡಲಿಲ್ಲ. ಆಕೆಯನ್ನು ಕೂರಿಸಿ, ತಾವೂ ಮೆಟ್ಟಿಲ ಮೇಲೆ ಕೂತರು.

“ಹೌದಮ್ಮ, ಅದರಲ್ಲೇ ಇತ್ತು. ಆದ್ರೆ ನೀವು ಹಾಕಿದ್ದಲ್ಲ. ಮಣ್ಣಲ್ಲಿರೋ ಕ್ರಿಮಿ, ಬೆಳ್ಳುಳ್ಳಿ ಜೊತೆ ಬಂದಿದೆ. ಎಣ್ಣೆ ಒಳಗೆ ಗಾಳಿ ಇಲ್ಲ, ಬೆಚ್ಚಗಿತ್ತು, ಬೆಳೀತು. ವಾಸನೆ ಇಲ್ಲ, ರುಚಿ ಕೆಡಲ್ಲ, ನಿಮಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾಗಿದ್ದೋರು ನಾವು. ಹದಿನೇಳು ವರ್ಷದಿಂದ ನನಗೆ ಗೊತ್ತಿತ್ತು. ನಾನು ಬಾಯಿ ಬಿಟ್ಟಿರಲಿಲ್ಲ.”

ಪ್ರತಿವಿಷ ಹೊಸ ಹಾನಿಯನ್ನು ತಡೆಯುತ್ತದೆ, ಆದದ್ದನ್ನು ಅಳಿಸುವುದಿಲ್ಲ. ನರದ ತುದಿಗಳು ಮತ್ತೆ ಚಿಗುರಬೇಕು. ಅದಕ್ಕೆ ತಿಂಗಳುಗಳೇ ಬೇಕು. ಅತ್ತೆ ವಾರದಲ್ಲಿ ಎದ್ದು ಓಡಾಡಿದಳು. ದರ್ಜಿ ಮಾತ್ರ ಎಚ್ಚರವಾಗಿದ್ದೂ ಕಣ್ಣು ತೆರೆಯಲಾರದೆ, ನೊಣ ಕೂತರೂ ಓಡಿಸಲಾರದೆ ಮಲಗಿರಬೇಕಾಯಿತು. ಆಗ ಶುರುವಾಯಿತು ನೋಡಿ, ನಮ್ಮಲ್ಲಿ ಯಾರೂ ಕನಸಿನಲ್ಲೂ ಎಣಿಸದ ಸಂಗತಿ: ದಿನಾ ಸಂಜೆ ಐದಕ್ಕೆ ಪ್ರಯೋಗಾಲಯದ ಬೀಗ ಹಾಕಿಸಿ, ಮೌನಿ ಮೇಷ್ಟ್ರು ಆ ಮಂಚದ ಪಕ್ಕ ಸ್ಟೂಲು ಎಳೆದು ಕೂತು ಮಾತಾಡತೊಡಗಿದರು.

ಮೊದಲ ದಿನ ಏನು ಹೇಳಬೇಕೆಂದು ತೋಚದೆ ಉಸಿರಾಟದ ಯಂತ್ರದ ಮೇಲೆ ಬರೆದಿದ್ದ ಸೂಚನೆಗಳನ್ನೇ ಓದಿದರಂತೆ. ಎರಡನೆಯ ದಿನದಿಂದ ದಿನಪತ್ರಿಕೆ. ಪತ್ರಿಕೆ ಮುಗಿದ ಮೇಲೆ ತಂದೆಯ ಅಂಗಡಿಯ ಕತೆ, ಅಮ್ಮ ಬೈದ ಕತೆ, ತಾವು ಕೆಡಿಸಿದ ಪರೀಕ್ಷೆಗಳ ಕತೆ. ಹೊಟ್ಟೆಯೊಳಗೆ ಅಷ್ಟು ದಿನ ಹೂತಿಟ್ಟದ್ದೆಲ್ಲ ಹೊರಬಂತು. ಅವರನ್ನು ನೋಡಿ ದಾದಿಯರೂ ಸೂಜಿ ಚುಚ್ಚುವ ಮುನ್ನ ತಮ್ಮ ಪರಿಚಯ ಹೇಳಿಕೊಳ್ಳುವುದನ್ನು ಕಲಿತರು. ಅಣ್ಣ ಬಂದು, ಯಂತ್ರ ಬಿಡಿಸೋಣ ಎಂದಿದ್ದ ಮಾತಿಗೆ ತಮ್ಮನ ಪಾದ ಹಿಡಿದು ಅತ್ತು ಹೋದ. ಮೇಷ್ಟ್ರ ಮನೆಯಾಕೆ ಮಾತ್ರ ನಮ್ಮೊಡನೆ ಹೇಳಿಕೊಂಡರು: “ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು, ಸಾರಿಗೆ ಉಪ್ಪು ಸಾಲದು ಅನ್ನೋದನ್ನೂ ಕೈಸನ್ನೆಯಲ್ಲೇ ಹೇಳೋರು. ಅಲ್ಲಿ ಹೋಗಿ ಒಂದೂವರೆ ಗಂಟೆ ಮಾತಾಡ್ತಾರಂತೆ. ನಾನೂ ಒಂದು ದಿನ ಕಣ್ಮುಚ್ಚಿ ಮಲಗಿ ನೋಡ್ತೀನಿ.” ಹೇಳುತ್ತ ಅವರ ಕಣ್ಣು ತುಂಬಿತ್ತು.

ಹನ್ನೊಂದನೆಯ ವಾರ ದರ್ಜಿಯ ಗಂಟಲಿನ ಕೊಳವೆ ತೆಗೆದರು. ಮರುದಿನ ಗಾಳಿಯಂಥ ದನಿಯಲ್ಲಿ ಅವನು ಮೊದಲು ಹೇಳಿದ್ದು ಆ ಬುಧವಾರದ ಸಂಗತಿ. ನಾನಿದೀನಿ, ನಾನಿದೀನಿ ಎಂದು ಒಳಗೇ ಕೂಗಿ ಕೂಗಿ ಸೋತು, ಆಯಿತು, ಇನ್ನು ಇಷ್ಟೇ ಎಂದು ಕೈಬಿಟ್ಟ ಗಳಿಗೆಯಲ್ಲಿ ಯಾರೋ ಕಿವಿಯಲ್ಲಿ ಮಕ್ಕಳ ಲೆಕ್ಕ ಕೇಳಿದರಂತೆ. ಇಷ್ಟನ್ನು ಹೇಳಿ, ದಣಿವಾರಿಸಿಕೊಂಡು, ಮೇಷ್ಟ್ರ ಮುಖವನ್ನು ಮೊಟ್ಟಮೊದಲ ಬಾರಿಗೆ ಚೆನ್ನಾಗಿ ನೋಡಿ ಅವನೆಂದ: “ಎಲ್ಲಾ ಓದಿದ್ರಿ ಸಾರ್. ಆಟದ ಪುಟ ಒಂದಿನಾನೂ ಓದ್ಲಿಲ್ಲವಲ್ಲ.”

ಆಮೇಲಿನ ಹತ್ತೊಂಬತ್ತು ವರ್ಷಗಳ ಸಾಧನೆ ಈ ಅಭಿನಂದನಾ ಸಂಪುಟದ ಬೇರೆ ಲೇಖನಗಳಲ್ಲಿ ವಿಸ್ತಾರವಾಗಿದೆ. ಮೆಟ್ಟಿಲ ಕೆಳಗಿನ ಕೋಣೆ ಒಂದು ಮಹಡಿಯಾಯಿತು. ಭೇದಿ ಹಬ್ಬಿದ ಬೇಸಿಗೆಯಲ್ಲಿ ಯಾವ ಕೊಳಾಯಿಯ ನೀರು ಕೆಟ್ಟಿದೆಯೆಂದು ಎರಡೇ ದಿನದಲ್ಲಿ ಹೇಳಿದ್ದೂ, ಹೊಸ ವೈರಾಣುವಿನ ಜ್ವರ ಬಂದ ವರ್ಷ ಊರೆಲ್ಲ ಬಾಗಿಲು ಹಾಕಿಕೊಂಡಾಗ ಇಲ್ಲಿ ಒಂದು ದಿನವೂ ದೀಪ ಆರದಿದ್ದುದೂ ಅವರ ನೇತೃತ್ವದಲ್ಲೇ. ಆದರೆ ಇಲ್ಲಿ ಹೇಳಬೇಕಾದದ್ದು ಬೇರೆ ಎರಡಿದೆ. ಫಲಿತಾಂಶಕ್ಕೆ ಸಹಿ ಹಾಕುವ ಅಧಿಕಾರ ಸಿಗುವ ಮುನ್ನ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ದಿನ ವಾರ್ಡಿಗೆ ಹೋಗಿ, ತಾವು ಕೊಳವೆಯಲ್ಲಿ ಕಂಡ ರಕ್ತ ಯಾರದೋ ಅವರ ಪಕ್ಕ ಕೂತು ಬರಬೇಕು. ಇದು ಅವರು ಮಾಡಿದ ನಿಯಮ. ಇನ್ನೊಂದು, ಊರೂರಿನ ಶಾಲೆಗಳಿಗೆ, ಮಹಿಳಾ ಸಂಘಗಳಿಗೆ ಹೋಗಿ ಎಣ್ಣೆ ಬಾಟಲಿಯ ಅಪಾಯ ತಿಳಿಸುವ ಕೆಲಸ. ಅದಕ್ಕೆ ಅವರ ಜೊತೆ ಹೊರಟವಳು ದರ್ಜಿಯ ಹೆಂಡತಿ; ಯಾರೂ ಕರೆದದ್ದಲ್ಲ, ತಾನಾಗಿ ಬಂದಳು. ಸಭೆಯ ಮುಂದೆ ನಿಂತು, ನನ್ನ ಕೈಯಾರೆ ಮಾಡಿದ ಬಾಟಲಿ ಅದು ಎಂದೇ ಆಕೆ ಶುರುಮಾಡುತ್ತಿದ್ದಳು. ಆ ಹಳ್ಳಿ ಪೇಟೆಗಳಿಂದ ನಮಗೆ ಅಂಥ ಚೀಟಿ ಮತ್ತೆ ಬಂದಿಲ್ಲ.

ಬೀಳ್ಕೊಡುಗೆಯ ದಿನ ಎಲ್ಲರೂ ಒತ್ತಾಯ ಮಾಡಿದ ಮೇಲೆ ಅವರು ಎದ್ದು ನಿಂತರು. ತಾನು ಯಾರನ್ನೂ ಗುಣಪಡಿಸಿದವನಲ್ಲ, ಏನೆಂದು ಹೊತ್ತಿಗೆ ಸರಿಯಾಗಿ ಹೇಳಿದವನಷ್ಟೇ ಎಂದರು. ಉತ್ತರ ಗೊತ್ತಾದ ಮೇಲೆ ಚೀಟಿ ಬರೆದು ಕಳಿಸಿ ಕೂರಬೇಡಿ, ಎದ್ದು ಹೋಗಿ ಹೇಳಿ ಬನ್ನಿ ಎಂದರು. ಅಷ್ಟೇ, ಕೂತುಬಿಟ್ಟರು.

ಬರುವ ಸೋಮವಾರದಿಂದ ವಾರಕ್ಕೆ ಮೂರು ಸಂಜೆ ದೊಡ್ಡಾಸ್ಪತ್ರೆಯ ಉಸಿರಾಟದ ಯಂತ್ರಗಳ ವಾರ್ಡಿನಲ್ಲಿ, ಎಚ್ಚರವೋ ಇಲ್ಲವೋ ತಿಳಿಯದೆ ಮಲಗಿದವರ ಬಳಿ ಅವರು ಕೂರಲಿದ್ದಾರೆ, ಆಸ್ಪತ್ರೆಯವರೇ ಕೇಳಿಕೊಂಡಿದ್ದಾರೆ. ಆ ಸ್ಟೂಲಿನ ಮೇಲೆ ಅವರು ದೀರ್ಘಕಾಲ ಆರೋಗ್ಯವಾಗಿ ಕೂರಲಿ. ಅವರ ದನಿ ಗಟ್ಟಿಯಾಗಿರಲಿ, ಕಣ್ಣು ಹರಿತವಾಗಿರಲಿ, ಮನೆಯಾಕೆಗೂ ಆ ಮಾತಿನಲ್ಲಿ ಒಂದು ಪಾಲು ಸಿಗಲಿ. ಇಷ್ಟು ವರ್ಷ ಅವರು ಕೂಡಿಟ್ಟ ಮಾತೆಲ್ಲ ಮುಗಿಯುವಷ್ಟು ಆಯುಷ್ಯ ಅವರಿಗಿರಲಿ ಎಂಬುದೇ ನಮ್ಮೆಲ್ಲರ ಹಾರೈಕೆ.