ಮಾರಲಿಕ್ಕೆ ಹೊರಟಿದ್ದ ಆಟೋ

ವಾಡಿ ಸ್ಟೇಷನ್ನಿನ ಹೊರಗೆ ನಾನು ಹತ್ತಿದ ಡೀಸೆಲ್ ಆಟೋದ ಮುಂದಿನ ಗಾಜಿನಲ್ಲಿ, ಬಸವಣ್ಣನ ಪಟ ಕಿತ್ತ ಜಾಗವೊಂದೇ ಊರಿನ ಸಿಮೆಂಟ್ ಕಾರ್ಖಾನೆಯ ಧೂಳಿಲ್ಲದೆ ಹೊಳೆಯುತ್ತಿತ್ತು. ಪಟ ಯಾಕೆ ಕಿತ್ತೆಯೆಂದು ಡ್ರೈವರನ್ನು ಕೇಳಿದೆ.

“ಗಾಡಿ ಮಾರಾಕ ಹೊಂಟೀನ್ರಿ ಅಕ್ಕಾ, ದೇವರನ್ನ ಹ್ಯಾಂಗ ಮಾರ್ಲಿ? ಇನ್ನ ಬ್ಯಾಟರಿ ಗಾಡಿನೇ ಮಾರಬೇಕಂತ ಸರಕಾರ ಕಾಯ್ದೆ ತರ್ತದಂತ. ನಾಳೆ ಇದಕ ಗುಜರಿ ರೇಟೂ ಬರಂಗಿಲ್ಲಂತ ಇದನ್ನ ತಗೊಳ್ಳೋ ಶಹಾಬಾದದ ಸೇಠ್ ಅಂದಾರ. ಇದು ಹೋದ್ರ ಮನಿ ಹ್ಯಾಂಗ ನಡಿತದೋ!”

ಕಾಯ್ದೆ ಬಂದರೂ ಹೊಸ ಗಾಡಿಗಲ್ಲವೇ ಎಂದೆ. ಅವನು ನಂಬಲಿಲ್ಲ.

ಪಕ್ಕದಲ್ಲಿ ಕೂತಿದ್ದ ಸುಲೇಪೇಟದ ಅಜ್ಜಿಯೊಬ್ಬರು ನಕ್ಕರು: “ಗುಜರಿ ರೇಟೂ ಬರದ ಗಾಡಿ ಸೇಠ್ ಯಾಕ ತಗೊಳ್ಳಾಕತ್ತಾನೋ, ಶಾಣ್ಯಾ?”

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಸೇಠ್‌ರ ಫೋನೇ ಬಂತು.

“ಇವತ್ತ ಆಗಂಗಿಲ್ರಿ ಸೇಠ್, ಚಿತ್ತಾಪುರಕ್ಕ ಸೀಟು ಫುಲ್ ಆಗ್ಯಾವ,” ಎಂದು ಆಟೋ ಚಾಲೂ ಮಾಡಿದ.

ಒಳಗಿದ್ದವರು ನಾವಿಬ್ಬರೇ, ನಿರಾಳವಾಗಿ ಕಾಲು ಚಾಚಿಕೊಂಡೆವು.