ಬಕೆಟ್‌ನಲ್ಲಿ ನೆನೆದ ಹಲಗೆ

ಅಮೆರಿಕದ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿ ಧಾರವಾಡದ ಆಂಟಿಯೊಬ್ಬರ ಹಿತ್ತಲಿಗೆ ನಾನು ಡೆಕ್, ಅಂದರೆ ಮರದ ಹಲಗೆಯ ಜಗಲಿ, ಹಾಕಿಕೊಡಬೇಕಿತ್ತು. ಹಳೆಯ ಡೆಕ್‌ನ ಹಲಗೆ ಸೊಟ್ಟಗಾಗಿ, ಅಂಕಲ್ ಎಡವಿ ಕಾಲು ಮುರಿದುಕೊಂಡಿದ್ದರು. ನಾನು ಶಾಖದಲ್ಲಿ ಹದಮಾಡಿದ ಕಂದು ಹಲಗೆಯ ತುಂಡೊಂದನ್ನು ತೋರಿಸಿದೆ.

“ಸುಟ್ಟ ಕಟ್ಟಿಗಿ ತಂದೀಯೇನಪಾ?” ಎಂದರು ಆಂಟಿ.

“ಸುಟ್ಟಿಲ್ಲ ಆಂಟಿ, ಬೆಂಕಿ ತಾಗಿಸದೆ ಬೇಯಿಸಿದ್ದಾರೆ. ಇದು ಹೆಚ್ಚು ನೀರು ಕುಡಿಯಲ್ಲ, ಅದಕ್ಕೇ ಬೇಗ ಸೊಟ್ಟಗಾಗಲ್ಲ. ನೆನೆಹಾಕಿ ನೋಡಿ.”

ಅವರು ಅದನ್ನೂ ಮಾಮೂಲಿ ಹಲಗೆಯ ತುಂಡೊಂದನ್ನೂ ಬಕೆಟ್‌ನಲ್ಲಿ ಮುಳುಗಿಸಿ ಮೇಲೆ ಕಲ್ಲಿಟ್ಟರು. ವಾರ ಬಿಟ್ಟು ತೆಗೆದಾಗ ಮಾಮೂಲಿಯದು ಉಬ್ಬಿ ಬಾಗಿತ್ತು, ನನ್ನದು ನೆಟ್ಟಗಿತ್ತು.

“ಹಾಕಪಾ,” ಎಂದರು.

ಈಗ ಆ ಡೆಕ್ ಮೇಲೆ ಅಂಕಲ್ ಕೋಲಿಲ್ಲದೆ ಓಡಾಡುತ್ತಾರೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಆಗಾಗ ಅಂಕಲ್ ಎಣ್ಣೆ ಹಚ್ಚಲಿ ಎಂದೆ. ಆಂಟಿ ನಕ್ಕರು: “ತಮ್ಮ ತಲಿಗೇ ಹಚ್ಕೊಳ್ಳೋದಿಲ್ಲ ಅವರು, ಹಲಗಿಗೆ ಹಚ್ತಾರೇನು?”