ಇನ್ನೂರ ಹನ್ನೆರಡನೇ ಪೋಸ್ಟ್

ಕೋವಿಡ್ ಕಳೆದ ಎರಡನೇ ವರ್ಷ. ಆಗ ನಾನು ಚಿತ್ರದುರ್ಗದ ಒಂದು ಖಾಸಗಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸೀನಿಯರ್ ಟೆಕ್ನಿಕಲ್ ಆಫೀಸರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮಗೆ ಒಂದೊಂದು ಕ್ಷೇತ್ರ ಘಟಕ. ಎಲ್ಲ ಸೇರಿ ನಲವತ್ತೊಂದು ಜನ. ಸಂಸ್ಥೆಯ ಹೆಸರು ಹೇಳುವುದಿಲ್ಲ, ವ್ಯಕ್ತಿಗಳ ಹೆಸರನ್ನೂ ಬದಲಿಸಿದ್ದೇನೆ.

ಆ ವರ್ಷ ನಿರ್ದೇಶಕರು ನನಗೊಂದು ಹೊಸ ಹೊಣೆ ಕೊಟ್ಟರು. ಸಂಸ್ಥೆಯೊಳಗಿನವರಿಗೆ ಮಾತ್ರ ತೆರೆದುಕೊಳ್ಳುವ ಒಂದು ಸೋಶಿಯಲ್ ನೆಟ್‌ವರ್ಕ್ ನಮ್ಮಲ್ಲಿತ್ತು. ಹೊಲದಲ್ಲಿ ಕಂಡದ್ದನ್ನು ಒಂದು ಘಟಕದವರು ಹಾಕಿದರೆ ಉಳಿದವರು ಓದಿ ಉತ್ತರಿಸಲಿ ಎಂಬುದು ಉದ್ದೇಶ. ಅದರಲ್ಲಿ ನಡೆಯುತ್ತಿದ್ದದ್ದು ಹಬ್ಬದ ಶುಭಾಶಯ ಮತ್ತು ಕೀಟಶಾಸ್ತ್ರ ವಿಭಾಗದ ಮುಖ್ಯಸ್ಥ ಡಾ. ವಿರೂಪಾಕ್ಷಯ್ಯನವರ ಸನ್ಮಾನದ ಫೋಟೊಗಳು. "ಆರು ತಿಂಗಳಲ್ಲಿ ಜನ ಬಳಸುವ ಹಾಗೆ ಮಾಡಿ. ಆಗದಿದ್ದರೆ ಮುಚ್ಚಿಬಿಡೋಣ" ಎಂದರು ನಿರ್ದೇಶಕರು.

ವಿರೂಪಾಕ್ಷಯ್ಯ ಕಾರಿಡಾರಿನಲ್ಲಿ ಎದುರಾಗಿ ನಕ್ಕರು. "ಏನ್ ಗಿರಿಜಮ್ಮ, ಎಲ್ಲರ ಕೈಲೂ ಗುಡ್ ಮಾರ್ನಿಂಗ್ ಹಾಕ್ಸೋ ಕೆಲ್ಸ ಸಿಕ್ತಂತಲ್ರಿ!"

ನಾನೂ ನಕ್ಕೆ. ಆ ಮನುಷ್ಯನ ಮೇಲೆ ನನಗೆ ಎಂಟು ವರ್ಷದ ಹಗೆಯಿತ್ತು.

ನಾನು ಹಿರಿಯೂರಿನಲ್ಲಿದ್ದಾಗ ಈರುಳ್ಳಿ ಎಲೆ ತಿರುಚಿಕೊಳ್ಳುವ ರೋಗದ ಬಗ್ಗೆ ಎರಡು ಹಂಗಾಮು ಹೊಲ ಸುತ್ತಿ ಒಂದು ನೋಟ್‌ಬುಕ್ ತುಂಬಿಸಿದ್ದೆ. ನೀರು ನಿಲ್ಲದ ಹಾಗೆ ಏರುಮಡಿ ಮಾಡಿದ ಕಡೆ ರೋಗ ಕಡಿಮೆ ಎಂದು ಮಡಿ ಮಡಿಯ ಲೆಕ್ಕ ಬರೆದಿದ್ದೆ. "ನೋಡಿ ಕೊಡ್ತೀನಿ" ಎಂದು ವಿರೂಪಾಕ್ಷಯ್ಯ ತೆಗೆದುಕೊಂಡರು. ಮರುವರ್ಷ ಅದು ಪ್ರಬಂಧವಾಗಿ ಅಚ್ಚಾಯಿತು. ನನ್ನ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, "ನೀವು ಎಣಿಸಿದ್ರಿ ಅಷ್ಟೇ. ವಿಜ್ಞಾನ ಮಾಡಿದ್ದು ನಾನು" ಎಂದರು. ನೋಟ್‌ಬುಕ್ ಅವರ ಹತ್ತಿರವೇ ಉಳಿದಿತ್ತು; ದೂರು ಕೊಡಲು ಕೈಯಲ್ಲಿ ಪುರಾವೆ ಇರಲಿಲ್ಲ. ಆ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಎದೆಯಲ್ಲಿಟ್ಟುಕೊಂಡೆ.

ಹೊಸ ಹೊಣೆ ಹೊತ್ತು ನಾನು ಮೊದಲು ಹೋದದ್ದು ಹೊಸದುರ್ಗಕ್ಕೆ. ಅಲ್ಲಿನ ಕ್ಷೇತ್ರ ಸಹಾಯಕ ತಿಪ್ಪೇಸ್ವಾಮಿ ಐವತ್ತು ದಾಟಿದವರು, ತೆಂಗಿನ ಮರದ ಸುಳಿ ನೋಡಿಯೇ ರೋಗ ಹೇಳುವವರು. ನೆಟ್‌ವರ್ಕಿನಲ್ಲಿ ಅವರದ್ದು ಒಂದು ಸಾಲೂ ಇರಲಿಲ್ಲ. ಬರೆಯುವುದು ಕಷ್ಟವೇ ಎಂದು ಕೇಳಿದೆ.

"ಬರಿಯೋದೇನ್ ಕಷ್ಟ ಮೇಡಂ? ಬರದ್ರೆ ಅದು ನಮ್ದು ಅಂತ ಉಳಿತೈತಾ? ಇವತ್ತು ನಾನು ಹಾಕ್ತೀನಿ, ನಾಳೆ ಸಾಹೇಬ್ರ ಹೆಸರಾಗೆ ಬರ್ತೈತೆ. ಅದ್ಕೆ ಸುಮ್ಕಿರದೇ ವಾಸಿ."

ಹೊಳಲ್ಕೆರೆ ಘಟಕದ ಸಂಶೋಧನಾ ಸಹಾಯಕಿ ನಾಗವೇಣಿ ಹೇಳಿದ್ದೂ ಇದನ್ನೇ, ಇನ್ನೊಂದು ಮಾತಿನಲ್ಲಿ. ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ರೋಗವಿದ್ದದ್ದು ನಮ್ಮಲ್ಲಿ.

ನಿರ್ದೇಶಕರಿಂದ ಮೂರು ಬದಲಾವಣೆಗೆ ಒಪ್ಪಿಗೆ ಪಡೆದೆ. ಬರೆಯಲು ಮನಸ್ಸಿಲ್ಲದವರು ಕನ್ನಡದಲ್ಲಿ ಮಾತಾಡಿ ಧ್ವನಿ ಹಾಕಬಹುದು. ಪ್ರತಿ ಪೋಸ್ಟಿಗೆ ಸಂಖ್ಯೆ, ದಿನಾಂಕ, ಹೆಸರು ಬೀಳುತ್ತದೆ; ಯಾರಾದರೂ ಅಳಿಸಿದರೂ ಮೂಲ ಪ್ರತಿ ದಾಖಲೆಯಲ್ಲಿ ಉಳಿಯುತ್ತದೆ. ಮೂರನೆಯದು, ವಾರ್ಷಿಕ ಪರಿಶೀಲನಾ ಸಭೆಯಲ್ಲಿ ಯಾರದೇ ಅವಲೋಕನ ಬಳಸಿದರೂ ಅದರ ಪೋಸ್ಟ್ ಸಂಖ್ಯೆ ಕೊಡಬೇಕು. ಇವೆಲ್ಲವನ್ನೂ ಸುತ್ತೋಲೆ ಮಾಡಿ ಕಳಿಸಿದೆ. ವಿರೂಪಾಕ್ಷಯ್ಯ ಓದದೆಯೇ ಸಹಿ ಹಾಕಿದರು. ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಲ್ಲರೂ ಇದನ್ನು ಸುಧಾರಣೆ ಎಂದುಕೊಂಡರು. ಸುಧಾರಣೆಯೂ ಹೌದು. ನನ್ನ ಮನಸ್ಸಿನಲ್ಲಿ ಇದ್ದದ್ದು ಬೋನು.

ಪ್ರತಿ ಸೋಮವಾರ ಒಂದು ಘಟಕದ ತೊಂದರೆಯನ್ನು ಪ್ರಶ್ನೆಯಾಗಿ ಹಾಕುತ್ತಿದ್ದೆ. ಉತ್ತರ ಕೊಟ್ಟವರ ಹೆಸರನ್ನು ನಿರ್ದೇಶಕರ ವಾರದ ಟಿಪ್ಪಣಿಯಲ್ಲಿ ಸೇರಿಸುತ್ತಿದ್ದೆ. ಎರಡು ತಿಂಗಳಲ್ಲಿ ಹಿರಿಯೂರಿನವರ ಪ್ರಶ್ನೆಗೆ ಹೊಳಲ್ಕೆರೆಯಿಂದ ಉತ್ತರ ಬರತೊಡಗಿತು. ನಿರ್ದೇಶಕರು ಮುಚ್ಚುವ ಮಾತು ಬಿಟ್ಟರು.

ಆಗ ಬಂತು ತಿಪ್ಪೇಸ್ವಾಮಿಯವರ ಪೋಸ್ಟ್, ಸಂಖ್ಯೆ ಇನ್ನೂರ ಹನ್ನೆರಡು. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಕೊಲ್ಲಲು ನಾವು ಒಂದು ಬಗೆಯ ಸಣ್ಣ ಕಣಜದ ಹುಳುಗಳನ್ನು, ಕೋಶದಲ್ಲಿರುವಾಗಲೇ ಡಬ್ಬಿಗೆ ತುಂಬಿ, ದಾರದಿಂದ ಮರಕ್ಕೆ ಕಟ್ಟಿ ತೋಟಕ್ಕೆ ಬಿಡುತ್ತಿದ್ದೆವು. ಕೆಲವು ತೋಟಗಳಲ್ಲಿ ಫಲವೇ ಇರಲಿಲ್ಲ. "ಕಣಜ ಹೊರಗೆ ಬರೋದ್ರಾಗೆ ಇರುವೆ ತಿಂದು ಮುಗಿಸ್ತಾವೆ" ಎಂದಿತು ತಿಪ್ಪೇಸ್ವಾಮಿಯವರ ಧ್ವನಿ. "ಡಬ್ಬಿ ಕಟ್ಟೋ ದಾರಕ್ಕೆ ಗ್ರೀಸ್ ಬಳಿದು ನೋಡಿದೆ. ಹನ್ನೆರಡು ಮರದಾಗೆ ಒಂದು ಡಬ್ಬಿಗೂ ಇರುವೆ ಹತ್ತಿಲ್ಲ." ನಾಗವೇಣಿ ಹೊಳಲ್ಕೆರೆಯಲ್ಲಿ ಮಾಡಿ ನೋಡಿ, ಅಲ್ಲೂ ಹಾಗೇ ಆಯಿತೆಂದು ಬರೆದಳು. ಅದರ ಕೆಳಗೆ ವಿರೂಪಾಕ್ಷಯ್ಯ ಒಂದು ಸಾಲು ಹಾಕಿದರು: "ಇಂಥ ಹಳ್ಳಿ ಉಪಾಯಗಳಿಗೆ ಇದು ಜಾಗವಲ್ಲ."

ಐದು ತಿಂಗಳ ನಂತರ ವಾರ್ಷಿಕ ಸಭೆ. ಪೋಸ್ಟ್ ಸಂಖ್ಯೆ ಇದೆಯೇ ಎಂದು ನೋಡಲು ಎಲ್ಲರ ಸ್ಲೈಡುಗಳೂ ಹಿಂದಿನ ದಿನ ನನ್ನ ಕೈಗೆ ಬಂದವು. ವಿರೂಪಾಕ್ಷಯ್ಯನವರ ಏಳನೇ ಸ್ಲೈಡಿನಲ್ಲಿ ಅದೇ ಗ್ರೀಸು, ಅದೇ ದಾರ, ಅದೇ ಹನ್ನೆರಡು ಮರ. ಹೆಸರು ಅವರದ್ದು. ಪೋಸ್ಟ್ ಸಂಖ್ಯೆ ಇಲ್ಲ. ನೆಟ್‌ವರ್ಕ್ ತೆಗೆದು ನೋಡಿದೆ. ಅವರ ಆ 'ಹಳ್ಳಿ ಉಪಾಯ'ದ ಸಾಲು ಎರಡು ದಿನದ ಹಿಂದೆ ಮಾಯವಾಗಿತ್ತು. ಮೂಲ ಪ್ರತಿ ದಾಖಲೆಯಲ್ಲಿತ್ತು.

ಫೋನೆತ್ತಿ "ಸರ್, ಸಂಖ್ಯೆ ಬಿಟ್ಟಿದ್ದೀರಿ" ಎಂದಿದ್ದರೆ ಮುಗಿಯುತ್ತಿತ್ತು. ನಾನು ತಿಪ್ಪೇಸ್ವಾಮಿಗೆ ಫೋನ್ ಮಾಡಿ, "ನಾಳೆ ಸಭೆಗೆ ಬರ್ರಿ, ಮುಂದಿನ ಸಾಲಿನಾಗೆ ಕುಂತ್ಕಳ್ರಿ" ಎಂದೆ.

ಸಭೆಯಲ್ಲಿ ಹೊರಗಿನಿಂದ ಬಂದಿದ್ದ ಪರಿಶೀಲಕರು, "ಇದು ಮೊದಲು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ?" ಎಂದು ಕೇಳಿದರು. "ಎರಡು ತಿಂಗಳ ಹಿಂದೆ, ನನ್ನ ತೋಟ ಭೇಟಿಯಲ್ಲಿ" ಎಂದರು ವಿರೂಪಾಕ್ಷಯ್ಯ. ನಾನು ಎದ್ದು ನಿಂತು ಪೋಸ್ಟ್ ಇನ್ನೂರ ಹನ್ನೆರಡನ್ನು ಪರದೆಗೆ ಹಾಕಿದೆ. ತಿಪ್ಪೇಸ್ವಾಮಿಯವರ ಧ್ವನಿ ಸಭಾಂಗಣದ ತುಂಬ ಕೇಳಿಸಿತು. ಆಮೇಲೆ ದಿನಾಂಕ. ಆಮೇಲೆ ಅಳಿಸಿದ ಆ ಸಾಲು. ಯಾರೋ ಹಿಂದಿನಿಂದ ನಕ್ಕರು, ಆಮೇಲೆ ಎಲ್ಲರೂ. ವಿರೂಪಾಕ್ಷಯ್ಯ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಿದ್ದರು. ಅದು ತೆರೆಯಲೇ ಇಲ್ಲ.

ಕಣಜ ಬಿಡುವ ಆ ಯೋಜನೆಯ ಉಸ್ತುವಾರಿ ಅವರಿಂದ ಹೋಯಿತು. ವರದಿಯಲ್ಲಿ ಮೊದಲ ಹೆಸರು ತಿಪ್ಪೇಸ್ವಾಮಿಯವರದ್ದು, ಎರಡನೆಯದು ನಾಗವೇಣಿಯದ್ದು. ಸಂಜೆ ವಿರೂಪಾಕ್ಷಯ್ಯ ನನ್ನ ಟೇಬಲ್ಲಿಗೆ ಬಂದರು.

"ನಿನ್ನೆನೇ ಹೇಳಬೋದಿತ್ತಲ್ರಿ ಗಿರಿಜಮ್ಮ?"

"ಹೇಳಬೋದಿತ್ತು ಸರ್. ನಾನು ಎಣಿಸೋಳು ಅಷ್ಟೇ. ದಿನ ಎಣಿಸ್ತಿದ್ದೆ."

ಅವರಿಗೆ ನೆನಪಾಯಿತು. ಅವರ ಮುಖದಲ್ಲಿ ಅದನ್ನು ಕಂಡ ಕ್ಷಣದಷ್ಟು ರುಚಿಯಾದದ್ದು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಇನ್ನೊಂದಿಲ್ಲ.

ಮುಂದಿನ ಸೋಮವಾರ ನನ್ನ ಪ್ರಶ್ನೆಗೆ ಒಂದು ಉತ್ತರವೂ ಬರಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ಹೊಳಲ್ಕೆರೆಗೆ ಹೋಗಿ ನಾಗವೇಣಿಯನ್ನು ಕೇಳಿದೆ. ಅವಳು ತಲೆ ತಗ್ಗಿಸಿಯೇ ಹೇಳಿದಳು: "ತಪ್ಪು ತಿಳ್ಕಬ್ಯಾಡ್ರಿ ಮೇಡಂ. ನಾಳೆ ನಾನೇನಾದ್ರೂ ತಪ್ಪು ಬರದ್ರೆ ಅದನ್ನೂ ಹಿಂಗೇ ಎಲ್ಲರ ಮುಂದೆ ಹಾಕ್ತೀರೇನೋ ಅಂತ ಎಲ್ಲಾರ್ಗೂ ಭಯ ಐತೆ."

ನಾನು ಬೋನು ಇಟ್ಟದ್ದು ಒಬ್ಬನಿಗೆ. ಉಳಿದ ಮೂವತ್ತೊಂಬತ್ತು ಜನರಿಗೂ ಅದರ ಬಾಗಿಲು ಬಿದ್ದ ಸದ್ದು ಕೇಳಿಸಿತ್ತು.

ಆ ವಾರ ನಾನು ನನ್ನದೇ ತಪ್ಪೊಂದನ್ನು ಪೋಸ್ಟ್ ಮಾಡಿದೆ: ಹಿರಿಯೂರಿನಲ್ಲಿ ಶೇಂಗಾ ಬೀಜಕ್ಕೆ ಔಷಧಿ ಅಳತೆ ತಪ್ಪಿ ಒಂದಿಡೀ ತಾಕನ್ನು ಕೆಡಿಸಿ, ಮಳೆಯ ಮೇಲೆ ಹಾಕಿದ್ದ ಕಥೆ. ಮರುವಾರ ಇನ್ನೊಂದು. ಮೂರನೆಯದಕ್ಕೆ ತಿಪ್ಪೇಸ್ವಾಮಿ ತಮ್ಮದೊಂದು ಎಡವಟ್ಟು ಹೇಳಿ ನಕ್ಕರು. ಮೊದಲಿನ ಹಾಗೆ ಜನ ಬಾಯಿ ಬಿಡಲು ನಾಲ್ಕು ತಿಂಗಳು ಹಿಡಿಯಿತು.

ತನ್ನ ಹೆಸರು ಉಳಿಯುತ್ತದೆ, ತನ್ನ ತಪ್ಪು ತನ್ನನ್ನು ಕೊಲ್ಲುವುದಿಲ್ಲ ಎಂದು ಗೊತ್ತಾದ ಕಡೆ ಮಾತ್ರ ಮನುಷ್ಯ ತಿಳಿದದ್ದನ್ನು ಹಂಚಿಕೊಳ್ಳುತ್ತಾನೆ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಹೊಸಬರಿಗೆ ಇದನ್ನೇ ಹೇಳುತ್ತೇನೆ. ಹಿಂದಿನ ದಿನವೇ ಫೋನ್ ಮಾಡುವುದು ಸರಿಯಾದ ದಾರಿ ಎಂದೂ ಹೇಳುತ್ತೇನೆ. ಆ ದಿನ ಮತ್ತೆ ಬಂದರೆ ನೀವು ಫೋನ್ ಮಾಡುತ್ತೀರಾ ಎಂದು ಯಾರೂ ಈವರೆಗೆ ಕೇಳಿಲ್ಲ. ಕೇಳಿದರೆ ಸುಳ್ಳು ಹೇಳಲಾರೆ. ಮಾಡುವುದಿಲ್ಲ.